ಮೂರರಲ್ಲಿ ಸೊನ್ನೆ

ಬದುಕಿದ್ದಷ್ಟು ದಿನ ಯಾವ ಬಸ್ಸಿಗೂ, ಯಾವ ಊಟಕ್ಕೂ, ಯಾವ ಮುಹೂರ್ತಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಆತ. ಹೋದ ಸುದ್ದಿಯೂ ನನಗೆ ಹದಿನೈದು ದಿನ ತಡವಾಗಿ ಮುಟ್ಟಿತು. ಫೋನು ಮಾಡಿದವರು ಆತನ ಹೆಂಡತಿ. ಆತನ ಡೈರಿಯಲ್ಲಿ ನನ್ನ ನಂಬರು ಮೂರು ಕಡೆ ಇತ್ತಂತೆ, ಮೂರು ಕಡೆಯೂ ಬೇರೆ ಬೇರೆ. ಮೊದಲಿನ ಎರಡಕ್ಕೆ ಹಚ್ಚಿ ಯಾರ್ಯಾರ ಕೈಲೋ ತೆಲುಗಿನಲ್ಲಿ ಬೈಸಿಕೊಂಡು, ಮೂರನೆಯದಕ್ಕೆ ನಾನು ಸಿಕ್ಕಿದ್ದೆ. ಕರ್ಮಗಳೆಲ್ಲ ಮುಗಿದವು, ನಿಮಗೆ ಕೊಡುವುದೊಂದು ಇದೆ, ತಾರ್ನಾಕದ ಮನೆಗೆ ಒಮ್ಮೆ ಬಂದು ಹೋಗಿ ಎಂದರು. ನನ್ನ ಛತ್ರಿ ಸಿಕ್ಕಿರಬೇಕು ಅಂದುಕೊಂಡೆ. ಆತ ಒಂದು ಮಳೆಯ ದಿನ ಕೇಳಿ ತೆಗೆದುಕೊಂಡು ಹೋದ ಕರಿ ಛತ್ರಿ, ಮರದ ಹಿಡಿಕೆಯದು. ಅದಾಗಿ ಇಪ್ಪತ್ತು ವರ್ಷ ದಾಟಿತು, ಮರೆತಿಲ್ಲ.

ಆತನ ಹೆಸರು ಬರೆಯುವುದಿಲ್ಲ. ಸೌಜನ್ಯದಿಂದ ಬಿಟ್ಟಿದ್ದಾಳೆ ಎಂದು ಯಾರೂ ತಿಳಿಯಬೇಕಾಗಿಲ್ಲ. ನನ್ನಲ್ಲಿ ಸೌಜನ್ಯ ಕಡಿಮೆ, ಆ ಜಾಗದಲ್ಲಿ ನೆನಪು ಇದೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಮೈಯೊಳಗಿನ ಎಲುಬುಗಳ ಹೆಸರನ್ನು ಒಂದು ಸಲ ಕೇಳಿದರೆ ಸಾಕು, ತಿಂಗಳು ಬಿಟ್ಟು ಕೇಳಿದರೂ ತಲೆಯಿಂದ ಕಾಲಿನ ತನಕ ಒಪ್ಪಿಸುತ್ತಿದ್ದೆ. ಮದುವೆಯಾಗಿ ಹೈದರಾಬಾದಿಗೆ ಬಂದು, ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದ ಗಂಡನ ಡಬ್ಬಿ ಕಟ್ಟುತ್ತ ಹದಿನೈದು ವರ್ಷ ಕಳೆದರೂ ಒಂದು ಎಲುಬೂ ಕಳೆದುಹೋಗಿರಲಿಲ್ಲ. ಮರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಮರೆವು ಅಂದರೆ ಸೋಮಾರಿತನ, ಇನ್ನೊಬ್ಬರ ಬಗ್ಗೆ ಕಾಳಜಿ ಇಲ್ಲದಿರುವುದು ಎಂದೇ ನಾನು ತಿಳಿದಿದ್ದೆ.

ನಾನು ಕೆಲಸಕ್ಕೆ ಸೇರಿದ್ದು ಮಾದಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲದಲ್ಲಿ. ಅಮೀರ್‌ಪೇಟೆಯಲ್ಲಿ ಒಂದೊಂದು ಗೋಡೆಗೆ ನಲವತ್ತು ಬೋರ್ಡು, ಒಂದೊಂದು ಬೋರ್ಡಿನಲ್ಲೂ ಮೂರು ತಿಂಗಳಿಗೆ ಮನುಷ್ಯರನ್ನು ಎಂಜಿನಿಯರ್ ಮಾಡಿ ಕಳಿಸುವ ಭರವಸೆ. ನಮ್ಮ ಕಂಪನಿಗೆ ಗಾಜೂ ಇರಲಿಲ್ಲ, ಎಂಜಿನಿಯರೂ ಇರಲಿಲ್ಲ. ಸಿಕಂದರಾಬಾದ್ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಕಮೋಡು, ಸಿಂಕು ಮಾರುವ ಒಂದು ಅಂಗಡಿ, ಅದರ ಮೇಲಿನ ಎರಡನೇ ಮಹಡಿಯಲ್ಲಿ ನಾವು. ಅಮೆರಿಕದ ಡಾಕ್ಟರು ದಿನವಿಡೀ ರೋಗಿಗಳನ್ನು ನೋಡಿ, ಸಂಜೆ ಅವರವರ ವಿವರ ಒಂದು ಯಂತ್ರಕ್ಕೆ ಹೇಳಿ ಮನೆಗೆ ಹೋಗುತ್ತಿದ್ದರು. ಆ ಧ್ವನಿ ನಮಗೆ ಬೆಳಿಗ್ಗೆ ಬಂದು ಮುಟ್ಟುತ್ತಿತ್ತು. ನಮ್ಮವರು ಕಿವಿಗೆ ಸಿಕ್ಕಿಸಿಕೊಂಡು, ಕಾಲಲ್ಲಿ ಪೆಡಲು ಒತ್ತಿ ನಿಲ್ಲಿಸುತ್ತ ಓಡಿಸುತ್ತ ಅದನ್ನು ಟೈಪು ಮಾಡುವುದು, ನನ್ನಂಥವರು ತಿದ್ದುವುದು, ಅವರಿಗೆ ಬೆಳಗಾಗುವಷ್ಟರಲ್ಲಿ ವರದಿ ವಾಪಸು. ಇದನ್ನೂ ಐಟಿ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಟೈಪು ಹೊಡೆಯುವವರಿಗೂ ಐಟಿಯವರು ಎಂದು ಹೇಳಿ ಸಂಬಂಧ ಕುದುರಿಸಿದ ತಂದೆ ತಾಯಿ ಇದ್ದರು.

ಆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಡಾಕ್ಟರಿಗೆ ಎಲ್ಲವನ್ನೂ ಹೇಳುವ ಪುರುಸೊತ್ತಿಲ್ಲ. ಹೃದಯ ಹೀಗಿದೆ, ಶ್ವಾಸ ಹೀಗಿದೆ ಎಂದು ದಿನಕ್ಕೆ ಮೂವತ್ತು ಸಲ ಹೇಳುವ ಬದಲು ‘ಉಳಿದದ್ದು ನನ್ನ ನಾರ್ಮಲ್’ ಎಂದುಬಿಡುತ್ತಿದ್ದರು. ಪ್ರತಿ ಡಾಕ್ಟರ ನಾರ್ಮಲ್ ಅಂದರೆ ಇಂಥ ಒಂದು ಪ್ಯಾರಾ ಎಂದು ಮೊದಲೇ ಗೊತ್ತಾಗಿರುತ್ತಿತ್ತು, ಅದನ್ನು ತಂದು ಅಂಟಿಸಿದರೆ ಮುಗಿಯಿತು. ನಮಗಿದ್ದ ಇಪ್ಪತ್ತಾರು ಡಾಕ್ಟರ ನಾರ್ಮಲ್ಲುಗಳೂ ನನಗೆ ಬಾಯಿಪಾಠ. ತಿದ್ದುವಾಗ ಫೈಲು ತೆಗೆದು ನೋಡುವ ಅಗತ್ಯ ನನಗೆ ಬೀಳುತ್ತಿರಲಿಲ್ಲ. ಕಣ್ಣಾಡಿಸಿದರೆ ಸಾಕು, ಎಲ್ಲಿ ಒಂದು ಪದ ಆಚೀಚೆಯಾಗಿದೆ ಎಂದು ತಿಳಿಯುತ್ತಿತ್ತು. ನಿಯಮದ ಪ್ರಕಾರ ತಿದ್ದುವವರೂ ಧ್ವನಿಯನ್ನು ಪೂರ್ತಿ ಕೇಳಬೇಕು. ಕೇಳುತ್ತ ಕೂತರೆ ದಿನದ ಲೆಕ್ಕ ಮುಟ್ಟುವುದಿಲ್ಲ ಎಂದು ಮ್ಯಾನೇಜರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ.

ಇಂಥ ಜಾಗಕ್ಕೆ ಆ ಮನುಷ್ಯ ಬಂದ. ನಲವತ್ತು ದಾಟಿತ್ತು. ತಂದೆ ರಾಯಚೂರಿನ ಕಡೆಯವರು, ಇಲ್ಲಿನ ರಕ್ಷಣಾ ಇಲಾಖೆಯ ಘಟಕವೊಂದರಲ್ಲಿದ್ದವರು. ಈತ ಬೆಳೆದದ್ದೆಲ್ಲ ಅದರ ಕ್ವಾರ್ಟರ್ಸಿನಲ್ಲಿ. ನಮ್ಮಲ್ಲಿಗೆ ಬರುವ ಮೊದಲು ಒಂಬತ್ತು ಕೆಲಸ ಬಿಟ್ಟಿದ್ದ, ಅಥವಾ ಬಿಡಿಸಿಕೊಂಡಿದ್ದ. ಇದನ್ನು ಇಂಟರ್‌ವ್ಯೂನಲ್ಲಿ ಯಾರೂ ಕೇಳದೆ ತಾನಾಗಿ ಹೇಳಿದನಂತೆ. ಬೆರಳು ಮಾತ್ರ ಭರ್ಜರಿ ಓಡುತ್ತಿದ್ದವು, ಅದಕ್ಕೆ ತೆಗೆದುಕೊಂಡರು.

ಮೊದಲ ವಾರದಲ್ಲೇ ಕಂಡದ್ದು ಚೀಟಿಗಳು. ಬಸ್ ಟಿಕೆಟಿನ ಹಿಂದೆ, ಬಿಸ್ಕತ್ತಿನ ಪೊಟ್ಟಣದ ಒಳಮೈ ಮೇಲೆ, ಎಲ್ಲೆಂದರಲ್ಲಿ ಬರೆದುಕೊಳ್ಳುತ್ತಿದ್ದ. ಮೇಜಿನ ಮೇಲೆ ಚೀಟಿ, ಕಂಪ್ಯೂಟರಿನ ಅಂಚಿಗೆ ಚೀಟಿ, ಅಂಗಿಯ ಎಡಜೇಬಿನಲ್ಲಿ ಉಬ್ಬಿಕೊಂಡು ಚೀಟಿ. ಏನು ಕೇಳಿದರೂ ಮೊದಲು ಕೈ ಆ ಜೇಬಿಗೆ ಹೋಗುತ್ತಿತ್ತು. ಊಟ ಆಯಿತೇ ಎಂದು ಕೇಳಿದರೂ ಜೇಬು ಮುಟ್ಟಿಕೊಂಡು ಉತ್ತರ ಕೊಡುವ ಮನುಷ್ಯನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಾರ್ನಾಕದಿಂದ ಬರುವ ಬಸ್ಸಿನಲ್ಲಿ ಏನೋ ಯೋಚಿಸುತ್ತ ಕೂತು ಬೇಗಂಪೇಟೆ ತನಕ ಹೋಗಿ, ಅಲ್ಲಿಂದ ವಾಪಸು ಬರುವುದು ವಾರಕ್ಕೆ ಎರಡು ಸಲ. ಡಬ್ಬಿಯನ್ನು ಬಸ್ಸಿನಲ್ಲೇ ಬಿಟ್ಟು ಬಂದು ನನ್ನ ಡಬ್ಬಿಯ ಚಪಾತಿ ಮುರಿಯುವುದು ವಾರಕ್ಕೆ ಮೂರು ಸಲ. ಕಾಲು ಸುಮ್ಮನಿರುತ್ತಿರಲಿಲ್ಲ. ಪೆಡಲಿನ ಮೇಲಿಲ್ಲದ ಇನ್ನೊಂದು ಕಾಲು ಮೇಜಿನ ಕೆಳಗೆ ಕುಟ್ಟಿ ಕುಟ್ಟಿ ಪಕ್ಕದವರ ಚಹಾ ಚೆಲ್ಲುತ್ತಿತ್ತು.

ಬಾಯಿಗಂತೂ ಬಾಗಿಲೇ ಇರಲಿಲ್ಲ. ಮನಸ್ಸಿಗೆ ಬಂದದ್ದು ನಾಲಗೆಗೆ ಬಂದೇ ಸಿದ್ಧ. ಮ್ಯಾನೇಜರು ಹೊಸದಾಗಿ ಗಡ್ಡ ಬಿಟ್ಟು ಬಂದ ದಿನ, ಸರ್ ನಿಮ್ಮ ಗದ್ದಕ್ಕೆ ಏನೋ ಹತ್ತಿದೆ ಎಂದು ಎಲ್ಲರೆದುರು ಹಿಂದಿಯಲ್ಲಿ ಹೇಳಿದ. ನಮ್ಮ ಜತೆಗಾರ್ತಿ ಒಬ್ಬಳು ಬಸುರಿ ಎಂಬ ಸುದ್ದಿ ಅವಳ ಅತ್ತೆಗೆ ತಲುಪುವ ಮೊದಲು ಕಮೋಡಿನ ಅಂಗಡಿಯವನಿಗೆ ತಲುಪಿತ್ತು. ಗುಟ್ಟು ಇರಬೇಕೆಂದರೆ ಆತನ ಕಿವಿಗೆ ಬೀಳಬಾರದು, ಇದು ಆಫೀಸಿನ ಬರೆಯದ ಕಾನೂನು. ಬಯ್ದರೆ ನಿಜವಾಗಿಯೂ ನೊಂದುಕೊಳ್ಳುತ್ತಿದ್ದ, ಇನ್ನು ಮೇಲೆ ಹೀಗೆ ಮಾಡುವುದಿಲ್ಲ ಎಂದು ಒಂದು ಚೀಟಿಯನ್ನೂ ಬರೆದುಕೊಳ್ಳುತ್ತಿದ್ದ. ಆ ಚೀಟಿಯೂ ಕಳೆಯುತ್ತಿತ್ತು.

ನಮ್ಮ ಡಾಕ್ಟರಲ್ಲಿ ಒಬ್ಬಾಕೆ ಇದ್ದಳು, ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳುವವಳು. ಗಮನ ಒಂದೆಡೆ ನಿಲ್ಲದ, ಕೈಕಾಲು ನಾಲಗೆ ತಡೆದು ನಿಲ್ಲಿಸಲಾಗದ ಸ್ಥಿತಿಗೆ ಎಡಿಎಚ್‌ಡಿ ಎಂದು ಹೆಸರಿದೆಯಲ್ಲ, ಅದಿರುವ ದೊಡ್ಡವರನ್ನೇ ಆಕೆ ನೋಡುತ್ತಿದ್ದದ್ದು. ಪ್ರತಿ ರೋಗಿಯ ಹೆಸರಿಗೂ ಎಲ್ಲ ವಿವರಿಸಿ ನಮ್ಮ ಕೈಲಿ ಒಂದು ಕಾಗದ ಬರೆಸುತ್ತಿದ್ದಳು. ಆ ಫೈಲುಗಳು ಬಂದರೆ ಆತ ಕಾಲು ಕುಟ್ಟುವುದನ್ನು ನಿಲ್ಲಿಸುತ್ತಿದ್ದ. ಒಂದು ಬೆಳಿಗ್ಗೆ ಕಿವಿಯಿಂದ ಯಂತ್ರ ಕಿತ್ತು ನನ್ನ ಮೇಜಿಗೆ ಬಂದ.

“ಮೇಡಂ, ಈಕಿ ನನ್ನ ಒಮ್ಮಿನೂ ನೋಡಿಲ್ಲ. ನನ್ನ ಬಗ್ಗೆ ಇಷ್ಟೆಲ್ಲಾ ಹ್ಯಾಂಗ ಹೇಳಾಕತ್ತಾಳ್ರಿ?”

ನಾನು ನಕ್ಕುಬಿಟ್ಟೆ. ವೈದ್ಯಕೀಯ ಓದುವ ಪ್ರತಿಯೊಬ್ಬನಿಗೂ ಓದಿದ ರೋಗವೆಲ್ಲ ತನಗೇ ಇದೆ ಅನ್ನಿಸುತ್ತದೆ, ಹೋದ ವಾರ ನೀವು ಗರ್ಭಕೋಶದ ವರದಿ ಟೈಪು ಮಾಡಿದಿರಲ್ಲ, ಅದೂ ಇದೆಯೋ ನೋಡಿಕೊಳ್ಳಿ ಎಂದೆ. ಸುತ್ತಲಿನವರೂ ನಕ್ಕರು. ಆತನೂ ನಕ್ಕ. ಅಂದಿನಿಂದ ಆತನಿಗೆ ಅದೊಂದು ಗೀಳಾಯಿತು. ಆ ಡಾಕ್ಟರು ಹೇಳುತ್ತಿದ್ದದ್ದು ಇಷ್ಟು: ಹಳೆಯ ನೆನಪು ಇವರಲ್ಲಿ ಗಟ್ಟಿಯಾಗೇ ಇರಬಹುದು, ಸೋರುವುದು ಈ ಕ್ಷಣಕ್ಕೆಂದು ಕೈಯಲ್ಲಿ ಹಿಡಿದ ನೆನಪು. ಒಳಕೋಣೆಗೆ ಏನೋ ತರಲು ಹೋಗಿ, ಏನು ತರಲು ಬಂದೆ ಎಂದು ನಿಂತುಬಿಡುತ್ತೇವಲ್ಲ, ಅಂಥದು ಇವರಿಗೆ ದಿನವಿಡೀ. ಅನೇಕ ಜನರ ಮಿದುಳಿನ ಚಿತ್ರ ತೆಗೆದು ಹೋಲಿಸಿದಾಗ ಹಣೆಯ ಹಿಂದಿನ ಭಾಗ, ಆಳದಲ್ಲಿರುವ ಕೆಲವು ಗಂಟುಗಳು, ಹಿಂದಲೆಯ ಕಿರುಮಿದುಳು ಇವರಲ್ಲಿ ಸರಾಸರಿಯಲ್ಲಿ ತುಸು ಚಿಕ್ಕವಿರುವುದುಂಟು, ಮಾಗುವುದು ತಡವಾಗುವುದುಂಟು. ಆದರೆ ಅದು ಗುಂಪಿನ ಮಾತು. ಒಬ್ಬ ಮನುಷ್ಯನ ಚಿತ್ರ ಮುಂದಿಟ್ಟುಕೊಂಡು ಇವನಿಗೆ ಇದೆ, ಇವನಿಗೆ ಇಲ್ಲ ಎಂದು ಹೇಳಲು ಬರುವುದಿಲ್ಲ. ಈ ಕಡೆಯ ಮಾತನ್ನು ಆಕೆ ಪ್ರತಿ ಕಾಗದದಲ್ಲೂ ತಪ್ಪದೆ ಹೇಳುತ್ತಿದ್ದಳು. ಆತ ಅದನ್ನು ಪ್ರತಿ ಸಲವೂ ತಪ್ಪಿಲ್ಲದೆ ಟೈಪು ಮಾಡಿದ್ದ.

ಆದರೂ ಹೋಗಿ ತಲೆಯ ಸ್ಕ್ಯಾನು ಮಾಡಿಸಿಕೊಂಡು ಬಂದ. ಆ ಫಿಲ್ಮನ್ನು ಆಟೋದಲ್ಲಿ ಬಿಟ್ಟು, ಆಟೋದವನು ಮಾರನೆಯ ದಿನ ಲಕೋಟೆಯ ಮೇಲಿನ ವಿಳಾಸ ಹಿಡಿದು ಮನೆಗೆ ತಂದುಕೊಟ್ಟ. ಆಫೀಸಿಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದ. ಜತೆಗಿದ್ದ ವರದಿಯಲ್ಲಿ ಒಂದು ಪ್ಯಾರಾ, ಎಲ್ಲವೂ ನಾರ್ಮಲ್. ಯಾವ ಊರಿನ ಯಾವ ಟೈಪಿಸ್ಟ್ ಅಂಟಿಸಿದ್ದೋ ಏನೋ, ಓದಿದ ಕೂಡಲೇ ನನಗೆ ಗುರುತು ಹತ್ತಿತು. ಒಳ್ಳೆಯದೇ ಆಯಿತಲ್ಲ ಎಂದೆ. ಆತನ ಮುಖ ಇಳಿದುಹೋಗಿತ್ತು.

“ಮಿದುಳು ನಾರ್ಮಲ್ ಐತಂತ್ರಿ ಮೇಡಂ. ಅಂದ್ರ ಇಷ್ಟ ದಿನಾ ಮಾಡಿದ್ದೆಲ್ಲಾ ನಂದ ತಪ್ಪು.”

ಆ ಡಾಕ್ಟರಮ್ಮ ಪ್ರತಿ ಕಾಗದದಲ್ಲಿ ಹೇಳುವ ಮಾತನ್ನು ನಾನು ಅಲ್ಲೇ ನೆನಪು ಮಾಡಿಕೊಡಬಹುದಿತ್ತು. ಅಕ್ಷರಕ್ಕೆ ಅಕ್ಷರ ನನಗೆ ಬರುತ್ತಿತ್ತು. ಹೇಳಲಿಲ್ಲ. ಆತನದೇ ತಪ್ಪು ಎಂದು ನನಗೂ ಒಳಗೊಳಗೆ ಅನ್ನಿಸಿತ್ತು, ಒಂದು ಫಿಲ್ಮು ಅದನ್ನು ಒಪ್ಪಿದ್ದು ಹಿತವಾಗಿತ್ತು.

ಮ್ಯಾನೇಜರನ ಕತೆ ಬೇರೆ. ಅವನು ಇಪ್ಪತ್ತೆಂಟರ ಪೋರ, ಯಾವುದೋ ಪುಸ್ತಕದಲ್ಲಿ ಓದಿದ್ದನ್ನು ಸೋಮವಾರ ಹೇಳಿ ಮಂಗಳವಾರ ಬಿಟ್ಟುಬಿಡುವವನು. ಸಿಬ್ಬಂದಿಯ ನೆನಪಿನ ಶಕ್ತಿ ಹೆಚ್ಚಿಸಬೇಕೆಂದು ಅಮೀರ್‌ಪೇಟೆಯಿಂದ ಒಬ್ಬ ತರಬೇತುದಾರನನ್ನು ಕರೆಸಿದ. ಕೋಟು, ಕೊರಳಿಗೆ ಮೈಕು, ಕೈಯಲ್ಲಿ ಬಿಚ್ಚಿ ಜೋಡಿಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮಿದುಳು. ಮಿದುಳಿನ ಹತ್ತನೇ ಒಂದು ಪಾಲನ್ನೂ ನಾವು ಬಳಸುವುದಿಲ್ಲ ಎಂಬ ಸುಳ್ಳಿನಿಂದಲೇ ಶುರು ಮಾಡಿದ. ಅವನು ತನ್ನ ಪಾಲನ್ನು ಬಳಸುತ್ತಿಲ್ಲ ಎಂಬುದು ಐದು ನಿಮಿಷದಲ್ಲಿ ನನಗೆ ಗೊತ್ತಾಯಿತು. ಇಪ್ಪತ್ತು ವಸ್ತುಗಳ ಪಟ್ಟಿ ಕೊಟ್ಟು ಒಂದಕ್ಕೊಂದು ಗಂಟು ಹಾಕಿ ನೆನಪಿಡುವ ಉಪಾಯ ಕಲಿಸಿದ. ನಾನು ಉಪಾಯವಿಲ್ಲದೆ ಇಪ್ಪತ್ತನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಆತ ಎದ್ದು ನಿಂತು ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದ. ನೆನಪಿಡುವುದು ಹೇಗೆಂದು ಹೇಳಿದಿರಿ, ನೆನಪಿಡಬೇಕು ಅನ್ನುವುದು ಆ ಹೊತ್ತಿಗೆ ನೆನಪಾಗುವುದು ಹೇಗೆ ಎಂದು. ಕೋಟಿನವನು ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಮುಂದಿನ ಪಾಠಕ್ಕೆ ಹೋದ.

ಕಡೆಗೆ ಅವನು ಮಿದುಳು ಜೋಡಿಸಲು ಹೋದರೆ ಒಂದು ತುಂಡು ಸಾಲದು. ಮೇಜಿನ ಕೆಳಗೆಲ್ಲ ಹುಡುಕಿ, ಹಿಂದಲೆ ಖಾಲಿ ಇದ್ದ ಮಿದುಳನ್ನೇ ಚೀಲಕ್ಕೆ ಹಾಕಿಕೊಂಡು ಹೋದ. ಮಧ್ಯಾಹ್ನ ಆ ತುಂಡು ಆತನ ಜೇಬಿನಲ್ಲಿ ಸಿಕ್ಕಿತು, ಚೀಟಿಗಳ ನಡುವೆ. ಕೇಳುತ್ತ ಕೇಳುತ್ತ ಕೈಯಲ್ಲಿ ಆಡಿಸುತ್ತಿದ್ದವನು ಗೊತ್ತಿಲ್ಲದೆ ಒಳಗೆ ಹಾಕಿಕೊಂಡಿದ್ದ. ಅದು ಕಿರುಮಿದುಳು. ಹಿಂತಿರುಗಿಸಬೇಕು ಎಂದು ಚೀಟಿ ಬರೆದ, ಆ ಚೀಟಿ ಹಾರಿಹೋಗದಂತೆ ಮೇಲೆ ಅದನ್ನೇ ಇಟ್ಟ, ಅಲ್ಲಿಗೆ ಮರೆತ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಆತನ ವರದಿಗಳಲ್ಲಿ ತಪ್ಪು ಕಡಿಮೆ ಇರುತ್ತಿತ್ತು. ತನ್ನ ನೆನಪಿನ ಮೇಲೆ ಆತನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಆದ್ದರಿಂದ ಪ್ರತಿ ಸಲ ಫೈಲು ತೆಗೆದು ನೋಡುತ್ತಿದ್ದ, ಅನುಮಾನವಿದ್ದಲ್ಲಿ ಎರಡು ಸಲ ಕೇಳುತ್ತಿದ್ದ, ಡಾಕ್ಟರು ನಾರ್ಮಲ್‌ನಿಂದ ಆಚೆ ಏನಾದರೂ ಹೇಳಿದರೆ ಕೂಡಲೇ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಇನ್ನೊಂದು ವಿಚಿತ್ರ, ರೋಗಿಗಳನ್ನು ಆತ ಮರೆಯುತ್ತಿರಲಿಲ್ಲ. ನಾಯಿ ಸತ್ತ ಮೇಲೆ ಊಟ ಬಿಟ್ಟ ಮುದುಕ, ಬೆರಳು ಕಳಕೊಂಡ ಪಿಯಾನೋ ಮಾಸ್ತರ, ಅವರೆಲ್ಲ ಈಗ ಹೇಗಿದ್ದಾರೋ ಎಂದು ಆರು ತಿಂಗಳು ಬಿಟ್ಟು ಕೇಳುತ್ತಿದ್ದ. ನನಗೆ ಇಪ್ಪತ್ತಾರು ಪ್ಯಾರಾ ನೆನಪಿದ್ದವು, ಒಬ್ಬ ಮನುಷ್ಯನೂ ನೆನಪಿರಲಿಲ್ಲ.

ಆ ವರ್ಷವೇ ಸನತ್‌ನಗರದ ಕಾರ್ಖಾನೆಗೆ ಬೀಗ ಬಿತ್ತು. ಐಟಿ ಬಂದು ಊರೆಲ್ಲ ಉದ್ಧಾರವಾಯಿತು ಎಂದು ಬರೆಯುವವರು ಆ ಬೀಗಗಳನ್ನು ಎಣಿಸುವುದಿಲ್ಲ. ನನ್ನ ಗಂಡ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹೋಗಲು ಜಾಗವಿಲ್ಲದೆ ಬಾಲ್ಕನಿಯಲ್ಲಿ ಕೂರತೊಡಗಿದರು. ಮನೆ ನನ್ನೊಬ್ಬಳ ಸಂಬಳದ ಮೇಲೆ ನಿಂತಿತು. ಇದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆತ ಮಾತ್ರ ಒಂದು ದಿನ ಊಟದ ಹೊತ್ತಿನಲ್ಲಿ, ನಿಮ್ಮ ಡಬ್ಬಿಯಲ್ಲಿ ಪಲ್ಯ ಯಾಕೆ ಕಡಿಮೆಯಾಗಿದೆ ಎಂದು ನೇರವಾಗಿ ಕೇಳಿಬಿಟ್ಟ. ನನಗೆ ಅಳು ಬಂತು, ಹೇಳಿದೆ. ಹೇಳಿದ ಮೇಲೆ, ಇನ್ನು ಇದು ಕಮೋಡಿನ ಅಂಗಡಿಗೆ ಹೋಗುತ್ತದೆ ಎಂದು ಪೇಚಾಡಿದೆ. ಯಾಕೋ ಹೋಗಲಿಲ್ಲ. ಮರೆತಿರಬೇಕು ಅಂದುಕೊಂಡೆ.

ಅದಾಗಿ ಒಂದೆರಡು ತಿಂಗಳಿಗೆ ಆ ಫೈಲು ಬಂತು. ಮಾತಿನ ನಡುವೆ ಕೆಮ್ಮುತ್ತಲೇ ಇರುತ್ತಿದ್ದರಿಂದ ಕೆಮ್ಮಿನ ಡಾಕ್ಟರು ಎಂದು ನಾವು ಕರೆಯುತ್ತಿದ್ದ ನರರೋಗ ವೈದ್ಯನದು, ರೋಗಿ ಒಬ್ಬ ಅಜ್ಜಿ. ಆ ಡಾಕ್ಟರ ನಾರ್ಮಲ್‌ನಲ್ಲಿ ನೆನಪಿನ ಪರೀಕ್ಷೆಯ ಒಂದು ಸಾಲಿತ್ತು: ರೋಗಿಗೆ ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಮೂರಕ್ಕೆ ಮೂರನ್ನೂ ಹೇಳಿದರು ಎಂದು. ಆತ ಟೈಪು ಮಾಡಿ ಕಳಿಸಿದ್ದರಲ್ಲಿ ಮೂರರಲ್ಲಿ ಸೊನ್ನೆ ಎಂದಿತ್ತು. ನನ್ನ ಕಣ್ಣು ಅಲ್ಲಿಗೆ ಸರಿಯಾಗಿ ಹೋಯಿತು. ಬಾಯಿಪಾಠವಾದ ಪ್ಯಾರಾದಲ್ಲಿ ಒಂದು ಅಂಕಿ ಬೇರೆ ಇದೆ, ಈ ಪುಣ್ಯಾತ್ಮ ಮತ್ತೆ ಎಲ್ಲೋ ಕಳೆದುಹೋಗಿದ್ದಾನೆ ಅಂದುಕೊಂಡೆ. ಧ್ವನಿ ಕೇಳಲಿಲ್ಲ. ಸೊನ್ನೆ ಅಳಿಸಿ ಮೂರು ಹಾಕಿ, ಮುಂದಿನ ಫೈಲಿಗೆ ಹೋದೆ. ಊಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಹೊರಗೆ ಯಾವುದೋ ಮೆರವಣಿಗೆಯ ತಮಟೆ ಕೇಳುತ್ತಿತ್ತು. ನನಗೆ ಎಲ್ಲವೂ ನೆನಪಿದೆ.

ಮೂರು ವಾರದ ಮೇಲೆ ಆಚೆಯಿಂದ ದೂರು ಬಂತು. ಡಾಕ್ಟರು ಹೇಳಿದ್ದು ‘ನನ್ನ ನಾರ್ಮಲ್, ಆದರೆ ನೆನಪು ಮೂರರಲ್ಲಿ ಸೊನ್ನೆ’ ಎಂದು. ವರದಿ ನೋಡಿದ ಇನ್ನೊಬ್ಬ ವೈದ್ಯ ಅಜ್ಜಿಯ ನೆನಪು ಸರಿಯಾಗಿದೆಯಲ್ಲ ಎಂದು ಔಷಧ ನಿಲ್ಲಿಸಿದ್ದನಂತೆ. ಮಗಳಿಗೆ ಅನುಮಾನ ಬಂದು ಕೇಳಿದ್ದರಿಂದ ಹೊರಬಿತ್ತು. ನಮ್ಮಲ್ಲಿ ತಿದ್ದಿದ ವರದಿ ಹಳೆಯದರ ಮೇಲೇ ಕೂರುತ್ತಿತ್ತು, ಮೊದಲು ಏನಿತ್ತು ಎಂದು ಯಾರಿಗೂ ನೋಡಲು ಬರುತ್ತಿರಲಿಲ್ಲ. ಕೆಳಗೆ ಟೈಪಿಸ್ಟಿನ ಹೆಸರಿನ ಮೊದಲಕ್ಷರಗಳು ಇರುತ್ತಿದ್ದವು. ತಪ್ಪು ಟೈಪಿಸ್ಟಿನದು, ತಿದ್ದುವವರ ಕಣ್ಣಿಗೆ ಬೀಳದೆ ಹೋಯಿತು ಅಷ್ಟೇ, ಎಂದು ಮ್ಯಾನೇಜರು ತೀರ್ಮಾನಿಸಿದ. ತೀರ್ಮಾನಿಸುವುದು ಏನಿತ್ತು? ನೆನಪಿನ ಸಾಲು, ಮರೆಗುಳಿ ಟೈಪಿಸ್ಟ್. ಇಡೀ ಆಫೀಸಿಗೆ ಅದು ಹೇಳಿ ಮಾಡಿಸಿದ ಹಾಗೆ ಕಂಡಿತು.

ತನ್ನ ಕ್ಯಾಬಿನ್ನಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ ಮ್ಯಾನೇಜರು ಆತನನ್ನು ಕೇಳಿದ. ಆತನ ಕೈ ಜೇಬಿಗೆ ಹೋಯಿತು. ಒಂದು ಚೀಟಿ ತೆಗೆದು ನೋಡಿದ. ನನ್ನ ಕಡೆ ನೋಡಿದ. ಚೀಟಿ ಮಡಿಸಿ ಮತ್ತೆ ಜೇಬಿಗಿಟ್ಟ. ಆಗಿರಬಹುದು ಸರ್, ನನಗೆ ನೆನಪಿಲ್ಲ ಎಂದ. ಮ್ಯಾನೇಜರು ನನ್ನ ಕಡೆ ತಿರುಗಿದ. ಎಲ್ಲವೂ ನೆನಪಿರುವ ನಾನು ನೆಲ ನೋಡುತ್ತ ನಿಂತೆ. ಬಾಲ್ಕನಿಯಲ್ಲಿ ಕೂತ ಗಂಡ ಕಣ್ಣ ಮುಂದೆ ಬಂದಿದ್ದು ನಿಜ. ಅದಕ್ಕಿಂತ ನಿಜವಾದ ಇನ್ನೊಂದು ಸಂಗತಿ ಇದೆ. ಇವಳ ನೆನಪು ತಪ್ಪುವುದಿಲ್ಲ ಅನ್ನುವ ಮಾತು ಸುಳ್ಳಾಗುವುದು ನನಗೆ ಬೇಡವಾಗಿತ್ತು.

ಆ ಶನಿವಾರವೇ ಆತನನ್ನು ಕಳಿಸಿದರು. ಹತ್ತು ಕೆಲಸಗಳಲ್ಲಿ ಆತ ಹೆಚ್ಚು ಕಾಲ ನಿಂತದ್ದು ಅದರಲ್ಲೇ, ಎರಡೂವರೆ ವರ್ಷ. ಹೊರಡುವಾಗ ಮಳೆ. ನನ್ನ ಛತ್ರಿ ಕೇಳಿ ತೆಗೆದುಕೊಂಡ, ಸೋಮವಾರ ಕೊಡುತ್ತೇನೆ ಎಂದ. ಸೋಮವಾರ ತಾನು ಬರುವುದಿಲ್ಲ ಅನ್ನುವುದೂ ಆತನಿಗೆ ಮರೆತುಹೋಗಿತ್ತು. ಅದನ್ನು ನೋಡಿ ನನಗೆ ದೊಡ್ಡ ಸಮಾಧಾನವಾಯಿತು. ಕೆಲಸ ಹೋದದ್ದೇ ನೆನಪಿಲ್ಲದವನಿಗೆ ಸೊನ್ನೆ ಎಲ್ಲಿ ನೆನಪಿರುತ್ತದೆ? ಈ ಸಮಾಧಾನವನ್ನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದೆ. ನನಗೆ ಬಡ್ತಿಯೂ ಸಿಕ್ಕಿತು.

ಮುಂದೆ ಆತ ಮದುವೆ ಅಡುಗೆಯ ಗುತ್ತಿಗೆದಾರನೊಬ್ಬನ ಜತೆ ಸೇರಿದ ಎಂದು ಕೇಳಿದೆ. ಅಲ್ಲಿ ಒಂದೇ ಹೊತ್ತಿಗೆ ಹತ್ತು ಒಲೆ, ಐವತ್ತು ಜನರ ಕೂಗು. ಅಲ್ಲಿ ಆತ ಗೆದ್ದನಂತೆ. ಕಾಚಿಗುಡದ ಕಡೆ ನಮ್ಮವರೊಬ್ಬರ ಮದುವೆಯಲ್ಲಿ ನೋಡಿದೆ, ಹೆಗಲಿಗೆ ಟವೆಲು, ಬೆವರು, ಜೇಬಿನ ಉಬ್ಬು ಹಾಗೇ ಇತ್ತು. ನನ್ನ ಕಂಡು ಮುಖ ಅರಳಿಸಿಕೊಂಡು ಓಡಿ ಬಂದ. ಅಮೆರಿಕದ ಆ ಅಜ್ಜಿಯರನ್ನು, ಮುದುಕರನ್ನು ಎಲ್ಲರನ್ನೂ ವಿಚಾರಿಸಿದ. ಆಮೇಲೆ ಬಗ್ಗಿ, ಮೇಡಂ, ನಿಮಗೊಂದು ಮಾತು ಹೇಳಬೇಕಿತ್ತು ಎಂದು ಶುರು ಮಾಡಿದ. ನಾನು ತುತ್ತನ್ನು ಎಲೆಯಲ್ಲೇ ಬಿಟ್ಟೆ. ಅಷ್ಟರಲ್ಲಿ ಆತನ ಕೈ ಜೇಬಿಗೆ ಹೋಯಿತು, ಅಲ್ಲೇ ಒಂದು ಗಳಿಗೆ ನಿಂತಿತು.

“ಎಣಗಾಯಿ ಇನ್ನೊಂದ್ ಹಾಕ್ಲೇನ್ರಿ? ಭಾಳ ಚಲೋ ಆಗ್ಯಾವ.”

ಹಾಕಿಸಿಕೊಂಡೆ. ಮಾತಿನ ಮಧ್ಯೆ ಮಾತು ಮರೆಯುವ ಚಾಳಿ ಇನ್ನೂ ಹೋಗಿಲ್ಲ ಎಂದು ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕೆ.

ಮೊನ್ನೆ ತಾರ್ನಾಕಕ್ಕೆ ಹೋದೆ. ಯೂನಿವರ್ಸಿಟಿಯ ಗೋಡೆಯ ಕಡೆಗಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಶಾಲೆಯೊಂದರಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು, ಮೆತ್ತಗಿನ ಮಾತು. ಗೋಡೆಯ ಗೂಡಿನಲ್ಲಿ ಗುಲಾಬಿ ಬಣ್ಣದ ಕಿರುಮಿದುಳು ಕೂತಿತ್ತು, ಬಣ್ಣ ಮಾಸಿ. ಛತ್ರಿ ಕಾಣಲಿಲ್ಲ. ಚಹಾ ಕೊಟ್ಟು, ಒಳಗಿನಿಂದ ಒಂದು ಚೀಟಿ ತಂದು ನನ್ನ ಕೈಗಿಟ್ಟರು. ಹಳೆಯ ಬಸ್ ಟಿಕೆಟು, ಹರಿಯದಂತೆ ಎರಡೂ ಕಡೆ ಟೇಪು ಅಂಟಿಸಿತ್ತು.

“ದಿನಾ ಅಂಗಿ ಬದಲಿ ಮಾಡುವಾಗ ಮೊದಲ ಇದನ್ನ ತಗದು ಹೊಸಾ ಅಂಗಿ ಜೇಬಿಗೆ ಇಡ್ತಿದ್ರು. ಚಷ್ಮಾ ಮರೀತಿದ್ರು, ಗುಳಿಗಿ ಮರೀತಿದ್ರು, ಇದನ್ನ ಒಂದ್ ದಿನಾ ಮರೀಲಿಲ್ರಿ. ದವಾಖಾನಿಯೊಳಗೂ ಕೇಳಿ ಇಸಗೊಂಡ್ರು. ಏನಂದ್ರ ಹೇಳ್ತಿರಲಿಲ್ಲ. ಮೇಡಂ ಅಂತ ಬರದೈತಿ, ಅವರು ಮೇಡಂ ಅಂತಿದ್ದದ್ದು ನಿಮಗ ಒಬ್ಬರಿಗೇ.”

ಓದಿದೆ. ಟಿಕೆಟಿನ ಹಿಂದೆ, ಅಚ್ಚಿಲ್ಲದ ಕಡೆ ಇಷ್ಟೇ. ಮೇಲೆ ನೀಲಿ ಶಾಯಿಯಲ್ಲಿ: ಕೆಮ್ಮಿನ ಡಾಕ್ಟ್ರು. ಅಜ್ಜಿ. ಮೂರರಾಗ ಸೊನ್ನಿ. ಎರಡ್ ಸಲ ಕೇಳೀನಿ. ಕೆಳಗೆ ಬೇರೆ ಶಾಯಿಯಲ್ಲಿ, ಇಕ್ಕಟ್ಟಾದ ಅಕ್ಷರದಲ್ಲಿ: ಬದಲ ಮಾಡಿದ್ದು ಮೇಡಂ. ಅವರ ಮನ್ಯಾಗ ಒಂದ ಪಗಾರ. ಯಾರ ಮುಂದೂ ಬಾಯಿ ಬಿಡಬ್ಯಾಡ. ಅವರ ಮುಂದೂ.

ಬಾಯಿಗೆ ಬಾಗಿಲಿಲ್ಲದ ಮನುಷ್ಯ ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಒಂದು ಬಾಗಿಲು ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಆತನ ಪಾಲಿಗೆ ಅದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಕೆಗೆ ಬೇಕಾಗಿದ್ದದ್ದು ಇಷ್ಟೇ. ಗಂಡ ಹಗಲೂ ರಾತ್ರಿ ಎದೆಗಿಟ್ಟುಕೊಂಡ ಆ ಕಾಗದದಲ್ಲಿ ಏನಿತ್ತು, ಯಾವ ಅಜ್ಜಿ, ಏನು ಬದಲಾಯಿತು? ಎಲ್ಲ ಹೇಳಬಹುದಿತ್ತು. ಆ ಮಧ್ಯಾಹ್ನದ ತಮಟೆಯ ಸದ್ದಿನ ಸಮೇತ ನನಗೆ ನೆನಪಿತ್ತು. ಹೇಳಿದ್ದರೆ ನಿಮ್ಮ ಗಂಡ ತಪ್ಪು ಮಾಡಿರಲಿಲ್ಲ ಅನ್ನುವ ಒಂದು ಮಾತು ಆ ಮನೆಗೆ ಸಿಗುತ್ತಿತ್ತು.

“ನನಗ ನೆನಪಿಲ್ರಿ” ಎಂದೆ.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನನಗೇ ಸಮಾಧಾನ ಹೇಳಿ, ಹಾಗಾದರೆ ನಾನೇ ಇಟ್ಟುಕೊಳ್ಳುತ್ತೇನೆ, ಅವರ ಅಕ್ಷರವಾದರೂ ಇರಲಿ ಎಂದು ನನ್ನ ಕೈಯಿಂದ ಚೀಟಿ ವಾಪಸು ತೆಗೆದುಕೊಂಡರು. ಗೂಡಿನ ತನಕ ಹೋಗಿ, ಗಾಳಿಗೆ ಹಾರದಂತೆ ಆ ಪ್ಲಾಸ್ಟಿಕ್ ತುಂಡಿನ ಕೆಳಗೆ ಅದನ್ನು ಇಟ್ಟರು.